ಖಲೀಲ್ ಸಾಹೇಬರ ಅಟಮಾರಿ

ಊಟಕ್ಕೆ ಕರೆದವರ ಮನೆಗೆ ಹೋಗಿ, ಎಲೆಯ ಮೇಲೆ ಬಡಿಸಿದ್ದನ್ನು ಬಿಟ್ಟು ಬಾಣಲೆಯ ತಳ ತಿರುಗಿಸಿ ನೋಡುವ ಮನುಷ್ಯರನ್ನು ನನ್ನ ಜೀವಮಾನದಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ಖಲೀಲ್ ಸಾಹೇಬರು. ಯಶವಂತಪುರದ ಗೂಡ್ಸ್ ಶೆಡ್ಡಿನ ಹಿಂದಿದ್ದ ನಮ್ಮ ಕಾರ್ಖಾನೆಯಲ್ಲಿ ಲೋಹ ಕರಗಿಸುವ ಮೆಲ್ಟಿಂಗ್ ಶೆಡ್ಡಿಗೂ, ಅದಕ್ಕೆ ಅಂಟಿಕೊಂಡಿದ್ದ ಪುಟ್ಟ ಲ್ಯಾಬಿಗೂ ಅವರೇ ಮುಖ್ಯಸ್ಥರು. ನನ್ನ ತಮ್ಮನ ಮಗುವಿನ ನಾಮಕರಣಕ್ಕೆ ಚಿಕ್ಕಬಾಣಾವರದ ನಮ್ಮ ಮನೆಗೆ ಅವರನ್ನು ಕರೆದಿದ್ದೆ. ಪಂಕ್ತಿಯಲ್ಲಿ ಕೂತವರು ಒಬ್ಬಟ್ಟು ಬರುವ ಹೊತ್ತಿಗೆ ಮಾಯವಾಗಿದ್ದರು. ಹುಡುಕಿಕೊಂಡು ಹೋದರೆ ಹಿತ್ತಲಿನ ಬಚ್ಚಲುಮನೆಯಲ್ಲಿ, ಹಂಡೆಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಲೆಯ ಕಬ್ಬಿಣದ ಸರಳನ್ನು ಸ್ಕೂಟರ್ ಕೀಲಿಯಿಂದ ಕೆರೆಯುತ್ತಿದ್ದರು.

ನಮ್ಮಜ್ಜಿ ಬಾಗಿಲಲ್ಲಿ ನಿಂತು ಕೇಳಿದರು. "ಯಾರೇ ಶಾರದಾ ಅದು, ಹಂಡೆಗೆ ಕಲಾಯಿ ಹಾಕೋರಾ?"

ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಖಲೀಲ್ ಸಾಹೇಬರು ಮಾತ್ರ ಎದ್ದು ನಿಂತು, ಕೈಯ ಮಸಿಯನ್ನು ಕರ್ಚೀಫಿಗೆ ಒರೆಸಿಕೊಂಡು, "ಇಲ್ಲಮ್ಮಾ, ನಾನು ಕಲಾಯಿ ಹಾಕೋನಲ್ಲ. ಕಲಾಯಿ ಇಲ್ದೇನೇ ಬದುಕೋದು ಹೆಂಗೆ ಅಂತ ಕಬ್ಬಿಣಕ್ಕೆ ಪಾಠ ಹೇಳೋನು" ಎಂದರು. ಅಜ್ಜಿಗೆ ಏನೂ ಅರ್ಥವಾಗಲಿಲ್ಲ. ಆದರೆ ಮಾತು ಬಹಳ ಹಿಡಿಸಿತು. ಆ ದಿನ ಅವರ ಎಲೆಗೆ ಬಿದ್ದಷ್ಟು ಒಬ್ಬಟ್ಟು ಬೀಗರ ಎಲೆಗೂ ಬೀಳಲಿಲ್ಲ.

ನಾನು ಅವರ ಕೈಕೆಳಗೆ ಸೇರಿದ್ದು ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ. ಮಲ್ಲೇಶ್ವರದಲ್ಲಿ ಕೆಮಿಸ್ಟ್ರಿ ಓದಿ, ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿ, ಕೊನೆಗೆ ಈ ಕಾರ್ಖಾನೆಯ ಸಂದರ್ಶನಕ್ಕೆ ಬಂದಿದ್ದೆ. ರಾತ್ರಿಯೆಲ್ಲಾ ಪುಸ್ತಕ ತಿರುವಿ ಹಾಕಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಮನೇಲಿ ದೋಸೆ ಹೆಂಚು ಇದೆಯಾ?"

"ಇದೆ ಸರ್."

"ಅದರ ತಳ ಹೆಂಗಿದೆ?"

"ಕಪ್ಪಗಿದೆ."

"ಕಪ್ಪಗಂದ್ರೆ? ನುಣ್ಣಗೋ, ಹಕ್ಕಳೆ ಎದ್ದಿದೆಯೋ?"

ನನಗೆ ಸಿಟ್ಟು ಬೇಗ ಬರುತ್ತದೆ, ಈಗಲೂ ಅಷ್ಟೇ. "ನಾನು ಲ್ಯಾಬ್ ಕೆಲಸಕ್ಕೆ ಬಂದಿದ್ದೀನಿ ಸರ್, ಅಡುಗೆ ಕೆಲಸಕ್ಕಲ್ಲ" ಎಂದುಬಿಟ್ಟೆ. ಹೊರಗೆ ಹೋಗು ಎನ್ನುತ್ತಾರೆ ಎಂದು ಬ್ಯಾಗು ಕೈಗೆತ್ತಿಕೊಂಡಿದ್ದೆ. ಅವರು ಹಣೆಯ ಮೇಲೆ ಏರಿಸಿಕೊಂಡಿದ್ದ ನೀಲಿ ಗಾಜಿನ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು ನಕ್ಕರು. "ಕೋಪ ಇದೆ. ಒಳ್ಳೇದು. ಲೋಹ ಬಹಳ ಮೊಂಡಮ್ಮಾ, ಕೋಪ ಇಲ್ದೋರಿಗೆ ಬಗ್ಗಲ್ಲ. ಸೋಮವಾರದಿಂದ ಬನ್ನಿ. ಬರೋವಾಗ ಹೆಂಚು ನೋಡ್ಕೊಂಡು ಬನ್ನಿ."

ನೋಡಿಕೊಂಡು ಹೋದೆ. ನಮ್ಮ ಹೆಂಚಿನ ತಳದಲ್ಲಿ ಹಕ್ಕಳೆ ಎದ್ದಿತ್ತು, ಉಗುರಲ್ಲಿ ಕೆರೆದರೆ ಉದುರುತ್ತಿತ್ತು. ಅಷ್ಟು ವರ್ಷ ಆ ಹೆಂಚಿನ ದೋಸೆ ತಿಂದವಳು ಅದನ್ನು ಒಂದು ದಿನವೂ ಗಮನಿಸಿರಲಿಲ್ಲ.

ನಮ್ಮದು ಬಿಸಿ ತಂತಿ ಮಾಡುವ ಕಾರ್ಖಾನೆ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿಸಿ ಕರಗಿಸಿ, ಅಚ್ಚಿಗೆ ಸುರಿದು, ಬಡಿದು, ಎಳೆದು ತಂತಿ ಮಾಡಿ, ಸುರುಳಿ ಸುತ್ತಿ ಕೊಡುತ್ತಿದ್ದೆವು. ಆ ಸುರುಳಿ ವಿದ್ಯುತ್ ಕುಲುಮೆಗಳ ಗೋಡೆಯಲ್ಲಿ ಕೂತು ಕೆಂಡವಾಗಿ ಉರಿಯಬೇಕು. ಅಷ್ಟು ಬಿಸಿಯಲ್ಲಿ ಯಾವ ಲೋಹವನ್ನೂ ಗಾಳಿ ಸುಮ್ಮನೆ ಬಿಡುವುದಿಲ್ಲ. ಮೇಲ್ಮೈಯನ್ನು ತಿಂದು ಹಕ್ಕಳೆಯಾಗಿಸುತ್ತದೆ. ಹಕ್ಕಳೆ ಉದುರಿದರೆ ಕೆಳಗಿನ ಹಸಿ ಲೋಹ ಮತ್ತೆ ಗಾಳಿಗೆ ಸಿಗುತ್ತದೆ, ಅದೂ ಹಕ್ಕಳೆಯಾಗುತ್ತದೆ. ಹೀಗೆ ಸವೆದು ಸವೆದು ತಂತಿ ಒಂದು ದಿನ ಪಟ್ಟನೆ ತುಂಡಾಗುತ್ತದೆ. ನಮ್ಮ ತಂತಿ ಬಹಳ ಬೇಗ ತುಂಡಾಗುತ್ತಿತ್ತು. ಗಿರಾಕಿಗಳು ಫೋನಿನಲ್ಲಿ ಬೈಯುವುದು ಪಕ್ಕದ ಕೋಣೆಗೂ ಕೇಳುತ್ತಿತ್ತು.

"ತುಕ್ಕು ಬರೋದನ್ನ ತಡೆಯೋಕೆ ನಮ್ಮ ಕೈಲಾಗಲ್ಲ ಶಾರದಮ್ಮಾ" ಎನ್ನುತ್ತಿದ್ದರು ಖಲೀಲ್ ಸಾಹೇಬರು. "ಯಾವ ತುಕ್ಕು ಬರ್ಬೇಕು ಅಂತ ಮಾತ್ರ ನಾವು ಆರಿಸ್ಕೋಬಹುದು. ಕೆಟ್ಟ ತುಕ್ಕು ಉದುರಿ ಹೋಗ್ತದೆ. ಒಳ್ಳೇ ತುಕ್ಕು ಕಚ್ಕೊಂಡು ಕೂತ್ಕೊಂಡು, ಗಾಳಿ ಬಂದ್ರೆ ನಕ್ಕೋ ಬಾಬಾ, ಬೇಡ, ಮುಂದಿನ ಮನೆಗೆ ಹೋಗು ಅಂತದೆ." ಒಳ್ಳೆಯ ತುಕ್ಕು ಎಂದರೆ ಅವರಿಗೆ ಅಲ್ಯೂಮಿನಿಯಂನಿಂದ ಹುಟ್ಟುವ ತೆಳ್ಳನೆಯ ಬೂದು ಪೊರೆ. ನಮ್ಮ ತಂತಿಯಲ್ಲಿ ಆ ಪೊರೆ ಹುಟ್ಟುತ್ತಿತ್ತು. ಆದರೆ ನಿಲ್ಲುತ್ತಿರಲಿಲ್ಲ. ಕೆಂಪಗೆ ಉರಿಯುವಾಗ ಸುಮ್ಮನಿದ್ದು, ಆರುವಾಗ ಒಡೆದು ಉದುರುತ್ತಿತ್ತು.

ಆ ಉದುರುವ ಸದ್ದನ್ನು ಕೇಳುವುದು ಅವರ ದಿನನಿತ್ಯದ ಕೆಲಸವಾಗಿತ್ತು. ಲ್ಯಾಬಿನ ಚಿಕ್ಕ ಫರ್ನೇಸಿನಿಂದ ಕೆಂಪಗೆ ಕಾದ ಲೋಹದ ಬಿಲ್ಲೆಗಳನ್ನು ಇಕ್ಕಳದಲ್ಲಿ ಹೊರಗಿಟ್ಟ ಕೂಡಲೇ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ನಮ್ಮೆಲ್ಲರ ಬಾಯಿ ಮುಚ್ಚಿಸಿ, ಬಗ್ಗಿ ಕಿವಿ ಕೊಡುತ್ತಿದ್ದರು. ಬಿಲ್ಲೆಗಳು ಆರುತ್ತಾ ಆರುತ್ತಾ ಟಿಕ್, ಟಿಕ್ ಎನ್ನುತ್ತಿದ್ದವು. ಒಂದೊಂದು ಟಿಕ್ಕಿಗೂ ಅವರ ಮುಖ ಕಿವುಚಿಕೊಳ್ಳುತ್ತಿತ್ತು. ಹೊರಗೆ ಗೂಡ್ಸ್ ರೈಲು ಶಂಟಿಂಗ್ ಮಾಡಿದರೆ ಡ್ರೈವರನಿಗೆ ದಖನಿಯಲ್ಲಿ ಶಾಪ ಹಾಕುತ್ತಿದ್ದರು. ನೋಡಿದವರಿಗೆ ಇದು ಲ್ಯಾಬೋ, ಯಾವುದಾದರೂ ದರ್ಗಾವೋ ಅನ್ನಿಸಬೇಕು, ಅಷ್ಟು ಗಂಭೀರವಾಗಿ ನಡೆಯುತ್ತಿತ್ತು.

ಆಳು ಎತ್ತರ, ಸಪೂರ. ಅರ್ಧ ತೋಳಿನ ಬಿಳಿ ಅಂಗಿಯ ಮೇಲೆಲ್ಲಾ ಕಿಡಿ ಹಾರಿ ಬಿದ್ದ ಸಣ್ಣ ಸಣ್ಣ ತೂತು. ಆರ್.ಟಿ. ನಗರದಿಂದ ಒಂದು ಮುದಿ ಸ್ಕೂಟರಿನಲ್ಲಿ ಬರುತ್ತಿದ್ದರು. ಅದರ ಸೈಲೆನ್ಸರ್ ಕೊಳವೆಯನ್ನು ಪರೀಕ್ಷೆಗೆಂದು ತಮ್ಮದೇ ಲೋಹದಲ್ಲಿ ಮಾಡಿಸಿಕೊಂಡಿದ್ದರು. ಅದು ಲೋಹವಾಗಿ ಚೆನ್ನಾಗಿಯೇ ಇತ್ತು, ಸೈಲೆನ್ಸರಾಗಿ ಮಾತ್ರ ಪ್ರಯೋಜನವಿರಲಿಲ್ಲ. ಅವರು ಮೇಖ್ರಿ ಸರ್ಕಲ್ ದಾಟುವಾಗಲೇ ನಮ್ಮ ಗೇಟಿನವನು ಬಾಗಿಲು ತೆಗೆದಿಡುತ್ತಾನೆಂದು ಹುಡುಗರು ಗೇಲಿ ಮಾಡುತ್ತಿದ್ದರು. ಯಾರೇ ಅವಸರಪಡಿಸಿದರೂ ಅವರ ಉತ್ತರ ಒಂದೇ: "ಕೈಕು ಅವಸರ?" ಯಾಕೆ ಎನ್ನುವುದಕ್ಕೆ ಅವರ ದಖನಿಯಲ್ಲಿ ಕೈಕು. ನಮ್ಮ ಯಜಮಾನರಿಗೆ ಈ ಮಾತು ಕೇಳಿದರೆ ಮೈಯೆಲ್ಲಾ ಉರಿಯುತ್ತಿತ್ತು.

ಯಜಮಾನರು ಕೆಟ್ಟವರಲ್ಲ. ಆದರೆ ಬೈಗುಳ ತಿಂದು ತಿಂದು ಅವರಿಗೂ ಸಾಕಾಗಿತ್ತು. ಒಂದು ಮಳೆಗಾಲದಲ್ಲಿ ಶೆಡ್ಡಿಗೇ ಬಂದು ಎಲ್ಲರೆದುರು ಹೇಳಿದರು. "ನೋಡಿ ಖಲೀಲ್, ಹೊರದೇಶದ ಕಂಪನಿ ಏಜೆಂಟು ಸಂಕ್ರಾಂತಿ ಆದ್ಮೇಲೆ ಬರ್ತಾನೆ. ಅವರ ತಂತೀನೇ ತರಿಸ್ಕೊಂಡು ಇಲ್ಲಿ ಸುರುಳಿ ಸುತ್ತಿ ಮಾರೋಣ ಅಂತ ಮಾತಾಡಿದ್ದೀನಿ. ಅಷ್ಟರೊಳಗೆ ನಿಮ್ಮ ತಂತಿ ನಿಂತ್ರೆ ಸರಿ. ಇಲ್ಲ ಅಂದ್ರೆ ಈ ಫರ್ನೇಸು ಆರಿಸಿ ಶೆಡ್ಡಿಗೆ ಬೀಗ ಹಾಕೋದೇ."

ಖಲೀಲ್ ಸಾಹೇಬರು ಈ ಸಲ ಕೈಕು ಎನ್ನಲಿಲ್ಲ. "ಸಂಕ್ರಾಂತಿ ತನಕ ಟೈಮ್ ಕೊಟ್ರಲ್ಲ ಸರ್, ಸಾಕು" ಎಂದಷ್ಟೇ ಹೇಳಿದರು. ಯಜಮಾನರು ಹೋದ ಮೇಲೆ ಬಹಳ ಹೊತ್ತು ಫರ್ನೇಸಿನ ಮುಂದೆ ನಿಂತಿದ್ದರು. ಆ ಶೆಡ್ಡಿನಲ್ಲಿದ್ದವರೆಲ್ಲ ಶೆಟ್ಟಿಹಳ್ಳಿ, ಜಾಲಹಳ್ಳಿ ಕಡೆಯ ರೈತರ ಮಕ್ಕಳು. ಅವರಿಗೆ ಲೋಹ ಕರಗಿಸುವುದನ್ನು ಸಾಹೇಬರೇ ಕೈಹಿಡಿದು ಕಲಿಸಿದ್ದರು. ಬೀಗ ಬಿದ್ದರೆ ಅವರೆಲ್ಲ ಎಲ್ಲಿಗೆ ಹೋಗಬೇಕು? ತಾನು ಬದುಕಿಡೀ ಮಾಡಿದ್ದಕ್ಕೆ ಏನು ಅರ್ಥ? ಈ ಪ್ರಶ್ನೆಗಳು ಸಾಹೇಬರ ಮುಖದಲ್ಲಿ ನಮಗೆಲ್ಲ ಕಾಣುತ್ತಿದ್ದವು.

ಅವರ ತಲೆಯಲ್ಲಿ ಒಂದು ಉಪಾಯ ಆಗಲೇ ಓಡುತ್ತಿತ್ತು. ಸಿಗರೇಟು ಲೈಟರಿನಲ್ಲಿ ಕಿಡಿ ಹಾರಿಸುವ ಪುಟ್ಟ ಕಲ್ಲು ಇರುತ್ತದಲ್ಲ, ಅದನ್ನು ಮಾಡಲು ಬಳಸುವ ಒಂದು ಅಪರೂಪದ ಲೋಹವಿದೆ. ಅದನ್ನು ಒಂದು ಚಿಟಿಕೆಯಷ್ಟು ಬೆರೆಸಿದರೆ ಬೂದು ಪೊರೆ ಕಚ್ಚಿಕೊಂಡು ನಿಲ್ಲುತ್ತದೆ ಎಂದು ಎಲ್ಲೋ ಓದಿದ್ದರು. ಚಿಟಿಕೆ ಎಂದರೆ ಎಷ್ಟು? ಅದನ್ನು ಮಾತ್ರ ಯಾರೂ ಹೇಳಿರಲಿಲ್ಲ. "ಹೊರದೇಶದೋರು ತಂತಿ ಮಾರ್ತಾರೆ, ಚಿಟಿಕೆ ಮಾರಲ್ಲ" ಎಂದು ನಗುತ್ತಿದ್ದರು. ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ಲೋಹ ಬಿಸ್ಕತ್ತಿನಂತೆ ಮುರಿಯುತ್ತದೆ. ಕೇರಳದ ಕಡೆಯಿಂದ ಆ ಲೋಹದ ಒಂದು ಸಣ್ಣ ಗಟ್ಟಿ ತರಿಸಿದರು.

ಅದನ್ನು ಹಾಗೇ ಫರ್ನೇಸಿಗೆ ಎಸೆದರೆ ಮೇಲೆಯೇ ಭಗ್ಗೆಂದು ಉರಿದು ಹೋಗುತ್ತಿತ್ತು. ಖಲೀಲ್ ಸಾಹೇಬರು ಎಲೆಯಡಿಕೆ ಪ್ರಿಯರು. ತೆಳ್ಳನೆಯ ತಗಡಿನಲ್ಲಿ ಚೂರನ್ನು ಇಟ್ಟು, ಬೀಡಾ ಕಟ್ಟುವ ಹಾಗೆಯೇ ಮಡಿಸಿ, ಉದ್ದನೆಯ ಸರಳಿನ ತುದಿಗೆ ಸಿಕ್ಕಿಸಿ, ಕರಗಿದ ಲೋಹದ ತಳಕ್ಕೆ ಒತ್ತಿ ಹಿಡಿಯುತ್ತಿದ್ದರು. ಹುಡುಗರು ಅದಕ್ಕೆ ಬೀಡಾ ಎಂದೇ ಹೆಸರಿಟ್ಟರು. "ಸರ್, ಫರ್ನೇಸು ಊಟ ಮುಗಿಸ್ತು, ಬೀಡಾ ಕೊಡಿ" ಎಂದು ಕೂಗುತ್ತಿದ್ದರು.

ಹೀಗೆ ಬೇರೆ ಬೇರೆ ಅಳತೆಯ ಬೀಡಾ ಹಾಕಿ ಲೋಹ ಎರಕ ಹೊಯ್ದು, ಪ್ರತಿಯೊಂದರಿಂದ ಎರಡೆರಡು ಚಿಕ್ಕ ಬಿಲ್ಲೆಗಳನ್ನು ಕತ್ತರಿಸಿದೆವು. ಯಾವುದು ಯಾವುದೆಂದು ಗೊತ್ತಾಗಲು ಬಿಲ್ಲೆಯ ಅಂಚಿನಲ್ಲಿ ಅರದಿಂದ ಕಚ್ಚು ಹಾಕಿದೆವು. ಬೀಡಾ ಇಲ್ಲದ್ದಕ್ಕೆ ಒಂದು ಕಚ್ಚು, ಸ್ವಲ್ಪ ಹಾಕಿದ್ದಕ್ಕೆ ಎರಡು, ಇನ್ನೂ ಜಾಸ್ತಿಗೆ ಮೂರು, ಹೀಗೆ. ಪ್ರತಿದಿನ ಕಾಯಿಸುವುದು, ಆರಿಸುವುದು, ತೂಗುವುದು. ತೂಗುವ ಕೆಲಸ ನನ್ನದು. ಉದುರಿದ ಹಕ್ಕಳೆಯ ಒಂದು ಪುಡಿಯೂ ಕಳೆಯಬಾರದು, ಬಿಲ್ಲೆಯನ್ನು ಬೆರಳಲ್ಲಿ ಮುಟ್ಟಬಾರದು, ಉಸಿರೂ ತಾಗಬಾರದು. ವಾರಗಟ್ಟಲೆ ಹೀಗೆ ಮಾಡಿದರೂ ತೂಕಗಳು ಒಂದು ದಿನ ಹೇಳಿದ್ದನ್ನು ಇನ್ನೊಂದು ದಿನ ಹೇಳುತ್ತಿರಲಿಲ್ಲ. ನನಗೆ ತಲೆ ಕೆಟ್ಟು ಹೋಗಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು.

ಕಾರ್ಖಾನೆಯ ಆಯುಧಪೂಜೆ ಎಂದರೆ ಕಂಡವರಿಗೇ ಗೊತ್ತು. ಹಿಂದಿನ ದಿನವೇ ಯಂತ್ರಗಳನ್ನೆಲ್ಲ ನಿಲ್ಲಿಸಿ, ಒಂದು ಬೋಲ್ಟನ್ನೂ ಬಿಡದೆ ತೊಳೆದು, ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಬಾಳೆಕಂದು ಕಟ್ಟುವುದು. ಖಲೀಲ್ ಸಾಹೇಬರಿಗೆ ಈ ಹಬ್ಬದ ಮೇಲೆ ವಿಶೇಷ ಪ್ರೀತಿ. ಫರ್ನೇಸಿನ ಮುಂದೆ ಬೂದಗುಂಬಳಕಾಯಿ ಒಡೆಯುವಾಗ ಮುಂದೆ ನಿಲ್ಲುವವರೇ ಅವರು. ಪುರಿ, ಕಡಲೆ ಜೇಬು ತುಂಬಾ ತುಂಬಿಸಿಕೊಂಡು ಹೋಗುತ್ತಿದ್ದರು. ಲ್ಯಾಬನ್ನು ಗುಡಿಸಿ ತೊಳೆಯುವ ಕೆಲಸಕ್ಕೆ ಶೆಟ್ಟಿಹಳ್ಳಿಯ ಗಂಗಮ್ಮ ಬರುತ್ತಿದ್ದಳು. ಸಂಜೆ ಸ್ಕೂಟರು ಹತ್ತುವ ಮುಂಚೆ ಸಾಹೇಬರು ಅವಳಿಗೆ ಹೇಳಿದರು. "ಗಂಗಮ್ಮಾ, ನಾಳೆ ಪೂಜೆ. ಎಲ್ಲಾ ಚೆನ್ನಾಗಿ ಉಜ್ಜಿಬಿಡಮ್ಮ. ಒಂದೂ ಬಿಡ್ಬೇಡ."

ಗಂಗಮ್ಮ ಒಂದನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೊಸ ಸೀರೆ ಉಟ್ಟುಕೊಂಡು ಲ್ಯಾಬಿಗೆ ಕಾಲಿಟ್ಟರೆ ಮೇಜಿನ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ನಮ್ಮ ಬಿಲ್ಲೆಗಳೆಲ್ಲ ಸಾಲಾಗಿ ಪಳಪಳ ಹೊಳೆಯುತ್ತಿದ್ದವು. ಪ್ರತಿಯೊಂದರ ಮೇಲೂ ಕುಂಕುಮದ ಬೊಟ್ಟು. ಉಸಿರು ತಾಗಬಾರದೆಂದು ಕಾದಿಟ್ಟ ಬಿಲ್ಲೆಗಳನ್ನು ಹುಣಿಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ ಬೆಳಗಿಬಿಟ್ಟಿದ್ದಳು. ತೂಕ, ಹಕ್ಕಳೆ, ಮಳೆಗಾಲದಿಂದ ಮಾಡಿದ್ದೆಲ್ಲ ಚರಂಡಿ ಪಾಲಾಗಿತ್ತು. ಸಂಕ್ರಾಂತಿಯ ಒಳಗೆ ಮತ್ತೆ ಮೊದಲಿಂದ ಶುರು ಮಾಡಲು ಸಮಯವಿರಲಿಲ್ಲ.

ಹಿಂದೆಯೇ ಖಲೀಲ್ ಸಾಹೇಬರು ಬಂದರು. ನೋಡಿದರು. ಸ್ಟೂಲಿನ ಮೇಲೆ ಕೂತರು. ನಾನು ಗಂಗಮ್ಮನ ಮೇಲೆ ಹಾರಲು ಬಾಯಿ ತೆಗೆದೆ, ಅವರು ಕೈ ಎತ್ತಿ ತಡೆದರು. "ಬೇಡ. ಒಂದೂ ಬಿಡ್ಬೇಡ ಅಂತ ನಾನೇ ಹೇಳಿದ್ದು" ಎಂದರು. ಅವರ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಗಂಗಮ್ಮ ಬಾಗಿಲ ಹತ್ತಿರ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು. ಅವಳ ಹೆದರಿಕೆಯೇ ಬೇರೆ.

"ತಪ್ ತಿಳ್ಕಬ್ಯಾಡಿ ಸಾಯೇಬ್ರೇ" ಎಂದಳು. "ಎಲ್ಲಾ ಬೆಳಗ್ದೆ. ಇವೊಂದ್ ಜತೆ ಮಾತ್ರ ಬೆಳ್ಳಗಾಗ್ಲೇ ಇಲ್ಲ. ಉಜ್ಜೀ ಉಜ್ಜೀ ಕೈಯೆಲ್ಲ ಬೊಬ್ಬೆ ಬಂತು, ಬೂದಿ ಓಗ್ಲೇ ಇಲ್ಲ. ಅಟಮಾರಿ ಮುಂಡೇವು!"

ನಾವು ಬಿಲ್ಲೆಗಳು ಬೆಳ್ಳಗಾದವೆಂದು ಸಾಯುತ್ತಿದ್ದರೆ, ಅವಳು ಎರಡು ಬೆಳ್ಳಗಾಗಲಿಲ್ಲವಲ್ಲ ಎಂದು ಸಾಯುತ್ತಿದ್ದಳು. ಕೊಳಕು ಕಾಣದಿರಲೆಂದು ಆ ಎರಡನ್ನು ಹೂವಿನ ಅಡಿಯಲ್ಲಿ ಬಚ್ಚಿಟ್ಟಿದ್ದಳು ಬೇರೆ.

ಖಲೀಲ್ ಸಾಹೇಬರು ಸೇವಂತಿಗೆ ಸರಿಸಿದರು. ಬೂದು ಬಣ್ಣದ ಎರಡು ಬಿಲ್ಲೆಗಳು. ಕಿಟಕಿಯ ಬೆಳಕಿಗೆ ಹಿಡಿದು ಅಂಚು ತಿರುಗಿಸಿದರು. ಮೂರು ಕಚ್ಚು. ಇನ್ನೊಂದನ್ನು ತಿರುಗಿಸಿದರು. ಮೂರು ಕಚ್ಚು.

"ಶಾರದಮ್ಮಾ" ಎಂದು ಕೂಗಿದರು. ನಾನು ಪಕ್ಕದಲ್ಲೇ ಇದ್ದೆ. "ಶಾರದಮ್ಮಾ, ಗಂಗಮ್ಮ ಉಜ್ಜಿದ್ರೂ ಹೋಗ್ಲಿಲ್ಲ ಅಂದ್ರೆ ಏನು ಅರ್ಥ?"

ನನಗೆ ಆಗ ಹೊಳೆಯಿತು. ಪೊರೆ ಎಷ್ಟು ದಪ್ಪವಾಯಿತು ಎಂದು ನಾವು ತೂಗುತ್ತಾ ಕೂತಿದ್ದೆವು. ಅದು ಎಷ್ಟು ಗಟ್ಟಿಯಾಗಿ ಕಚ್ಚಿಕೊಂಡಿದೆ ಎಂಬುದನ್ನು ಯಾವ ತಕ್ಕಡಿಯೂ ಹೇಳುತ್ತಿರಲಿಲ್ಲ. ಮುಟ್ಟಲೂ ಹೆದರುತ್ತಿದ್ದ ನಾವು ಅದನ್ನು ಉಜ್ಜಿ ನೋಡುವ ಯೋಚನೆಯನ್ನೇ ಮಾಡಿರಲಿಲ್ಲ. ಮಾಡಿದ್ದರೂ ಹಬ್ಬದ ಹಿಂದಿನ ದಿನ ಗಂಗಮ್ಮ ಉಜ್ಜಿದಷ್ಟು ಶ್ರದ್ಧೆಯಿಂದ ಉಜ್ಜುತ್ತಿರಲಿಲ್ಲ.

ಸಾಹೇಬರು ಅವಳನ್ನು ಮತ್ತೆ ಉಜ್ಜಲು ಹೇಳಿದರು. ಹೊಸ ಹುಣಿಸೆಹಣ್ಣು ಬಂತು. ಅವಳು ಉಜ್ಜಿದಳು, ನಾನು ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಉಜ್ಜಿದೆ, ಶೆಡ್ಡಿನ ಹುಡುಗರು ಸರದಿಯಲ್ಲಿ ಉಜ್ಜಿದರು. ಪೂಜೆಗೆ ಬಂದ ಪುರೋಹಿತರು ಬಾಗಿಲಲ್ಲಿ ನಿಂತು, "ಇನ್ನೂ ತೊಳೆಯೋದು ಮುಗೀಲಿಲ್ವಾ?" ಎಂದು ಬೇಸರ ಮಾಡಿಕೊಂಡರು. ಬೂದು ಬಣ್ಣ ಹೋಗಲೇ ಇಲ್ಲ. ಖಲೀಲ್ ಸಾಹೇಬರು ಜೇಬಿನಿಂದ ಪುರಿ ತೆಗೆದು ಎಲ್ಲರ ಕೈಗೂ ಹಾಕುತ್ತಾ, "ಅಟಮಾರಿ! ಕ್ಯಾ ನಾಮ್ ಇಟ್ಲು ನೋಡಿ ಗಂಗಮ್ಮ!" ಎಂದು ಮಗುವಿನ ಹಾಗೆ ಹೇಳಿಕೊಂಡು ಓಡಾಡಿದರು. ಹಠಮಾರಿ ಎನ್ನುವುದು ಸರಿಯಾದ ಪದ ಎಂದು ಗುಮಾಸ್ತರು ತಿದ್ದಲು ನೋಡಿದರು, ಅವರು ಒಪ್ಪಲಿಲ್ಲ.

ಮುಂದಿನದೇನೂ ಸಲೀಸಾಗಿರಲಿಲ್ಲ. ಮೂರು ಕಚ್ಚಿನ ಅಳತೆಯ ಬೀಡಾ ಹಾಕಿ ದೊಡ್ಡ ಎರಕ ಹೊಯ್ದೆವು. ತಂತಿ ಎಳೆಯಲು ಹೋದರೆ ತುಂಡಾಯಿತು. ಮತ್ತೆ ಹೊಯ್ದೆವು, ಮತ್ತೆ ತುಂಡಾಯಿತು. ಹುಡುಗರು ಮುಖ ಜೋಲು ಹಾಕಿಕೊಂಡರೆ ಸಾಹೇಬರು, "ಉಜ್ಜಿದ್ರೆ ಹೋಗಲ್ಲ ಅಂತ ಗೊತ್ತಾಯ್ತಲ್ಲ. ಎಳೆದ್ರೆ ಬರೋ ಹಂಗೆ ಮಾಡೋದು ಅಷ್ಟೇ ಬಾಕಿ" ಎನ್ನುತ್ತಿದ್ದರು. ಎಳೆಯುವ ಮುಂಚೆ ಇನ್ನೂ ಸ್ವಲ್ಪ ಬಿಸಿ ಮಾಡಿ ನೋಡಿದರು, ಇನ್ನೂ ನಿಧಾನವಾಗಿ ಎಳೆಸಿದರು. ಧನುರ್ಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ ತಂತಿ ತುಂಡಾಗದೆ ಬಂತು, ಬರುತ್ತಲೇ ಇತ್ತು. ಶೆಡ್ಡಿನ ಹುಡುಗರು ಅದನ್ನು ಮುಟ್ಟಿ ಮುಟ್ಟಿ ನೋಡಿದರು.

ಜಾಲಹಳ್ಳಿ ಕಡೆ ಪಿಂಗಾಣಿ ಬಟ್ಟಲು ಮಾಡುವ ಒಬ್ಬ ಗಿರಾಕಿಯಿದ್ದರು, ನಮ್ಮನ್ನು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವರು. ಸಾಹೇಬರು ಅವರ ಕೈಕಾಲು ಹಿಡಿದು, ಅವರ ಕುಲುಮೆಯ ಒಂದು ಗೋಡೆಗೆ ಹೊರದೇಶದ ಸುರುಳಿ, ಎದುರು ಗೋಡೆಗೆ ನಮ್ಮ ಅಟಮಾರಿಯ ಸುರುಳಿ ಹಾಕಿಸಿದರು. ದಿನವೂ ಉರಿಸುವುದು, ದಿನವೂ ಆರಿಸುವುದು. ದಿನವೂ ಮನೆಗೆ ಹೋಗುವ ಮುಂಚೆ ಆ ಮುದಿ ಸ್ಕೂಟರಿನಲ್ಲಿ ಜಾಲಹಳ್ಳಿಗೆ ಹೋಗಿ ನೋಡಿ ಬರುತ್ತಿದ್ದರು.

ಸಂಕ್ರಾಂತಿ ಕಳೆಯಿತು. ಏಜೆಂಟರು ಸಫಾರಿ ಸೂಟಿನಲ್ಲಿ ಬಂದರು. ಯಜಮಾನರು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ನೇರವಾಗಿ ಜಾಲಹಳ್ಳಿಗೆ ಕರೆದುಕೊಂಡು ಹೋದರು. ಹಿಂದೆ ಸಾಹೇಬರ ಸ್ಕೂಟರು, ಅದರ ಹಿಂದೆ ಕೂತಿದ್ದು ನಾನು. ಕುಲುಮೆಯ ಬಾಗಿಲು ತೆಗೆದರು. ಎರಡೂ ಗೋಡೆಗಳಲ್ಲಿ ಸುರುಳಿಗಳು ಬೂದು ಬಣ್ಣಕ್ಕೆ ತಿರುಗಿ ನೆಟ್ಟಗೆ ಕೂತಿದ್ದವು. ನೆಲದ ಮೇಲೆ ಹಕ್ಕಳೆಯ ಪುಡಿ ಇರಲಿಲ್ಲ. ಯಾವ ಗೋಡೆಯದು ಯಾರದ್ದು ಎಂದು ಏಜೆಂಟರೇ ಕೇಳಬೇಕಾಯಿತು.

"ಈಗ ಚೆನ್ನಾಗೇ ಕಾಣ್ತದೆ" ಎಂದರು ಏಜೆಂಟರು. "ಆದ್ರೆ ಇಷ್ಟು ಬೇಗ ಏನೂ ಹೇಳೋಕಾಗಲ್ಲ ಸಾರ್. ಇದಕ್ಕೆ ಇನ್ನೂ ಟೈಮ್ ಕೊಡ್ಬೇಕು."

ಯಜಮಾನರು ಬಗ್ಗಿ ನಮ್ಮ ಗೋಡೆಯನ್ನೇ ನೋಡುತ್ತಿದ್ದರು. "ಹೌದು, ಕೊಡೋಣ" ಎಂದರು. "ಖಲೀಲ್, ತಗೊಳ್ಳಿ. ನಿಮಗೆ ಎಷ್ಟು ಟೈಮ್ ಬೇಕೋ ತಗೊಳ್ಳಿ."

ಸ್ಕೂಟರಿನಲ್ಲಿ ವಾಪಸು ಬರುವಾಗ ಸಾಹೇಬರು ಗೊರಗುಂಟೆಪಾಳ್ಯದ ಹತ್ತಿರ ಸ್ಕೂಟರು ನಿಲ್ಲಿಸಿ, ಮುಖ ಆ ಕಡೆ ತಿರುಗಿಸಿ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ಧೂಳು ಎಂದರು. ನನಗೂ ಅಷ್ಟೇ ಧೂಳು ಬಿದ್ದಿತ್ತು.

ಸತ್ಯ ಹೇಳಬೇಕು: ಕೊನೆಗೆ ಹೊರದೇಶದ ಸುರುಳಿಯೇ ನಮ್ಮದಕ್ಕಿಂತ ಸ್ವಲ್ಪ ಹೆಚ್ಚು ಬಾಳಿತು. ಆ ಸುದ್ದಿಯನ್ನು ನಾನು ಅಳುಮುಖ ಮಾಡಿಕೊಂಡು ಹೇಳಿದಾಗ ಸಾಹೇಬರು ಖುಷಿಯಿಂದ ತೊಡೆ ತಟ್ಟಿದರು. "ಅಂದ್ರೆ ನಮಗಿನ್ನೂ ಕೆಲಸ ಇದೆ ಅಂತ ಆಯ್ತು!" ನಮ್ಮ ಹಳೆಯ ತಂತಿಗಿಂತ ಅಟಮಾರಿ ಎಷ್ಟೋ ಪಾಲು ಹೆಚ್ಚು ಬಾಳಿದ್ದರಿಂದ ಗಿರಾಕಿಗಳ ಬಾಯಿ ಮುಚ್ಚಿತ್ತು. ಬೆಲೆ ಪಟ್ಟಿಯಲ್ಲಿ ಅದಕ್ಕೆ ಇಂಗ್ಲಿಷಿನ ಅಕ್ಷರ, ಅಂಕಿಗಳ ಒಂದು ಗಂಭೀರ ಹೆಸರು ಬಂತು. ಶೆಡ್ಡಿನಲ್ಲಿ ಮಾತ್ರ ಅಟಮಾರಿ ಅಟಮಾರಿಯಾಗಿಯೇ ಉಳಿಯಿತು. ಪ್ರತಿ ಹೊಸ ಎರಕದ ಬಿಲ್ಲೆ ಗಂಗಮ್ಮನ ಕೈಗೆ ಹೋಗಿ ಬರಬೇಕೆಂಬ ನಿಯಮವೂ ಬಂತು. "ನಿಮ್ ಮನೆ ಕಬ್ಣ ಉಜ್ಜಕ್ಕೇ ನಾನ್ ಉಟ್ಟಿರದು" ಎಂದು ಅವಳು ಗೊಣಗುತ್ತಿದ್ದಳು. ಬೇರೆಯವರು ಉಜ್ಜಲು ಬಂದರೆ ಬಿಡುತ್ತಿರಲಿಲ್ಲ.

ಬೀಡಾದ ಅಳತೆಯನ್ನು ಖಲೀಲ್ ಸಾಹೇಬರು ಗುಟ್ಟಾಗಿಡಲಿಲ್ಲ. ಶೆಡ್ಡಿನ ಪ್ರತಿಯೊಬ್ಬನಿಗೂ ಕಲಿಸಿದರು, ನನಗೆ ಎಲ್ಲರಿಗಿಂತ ಹೆಚ್ಚು ಬೈದು ಕಲಿಸಿದರು. ಎಂಬತ್ತರ ದಶಕದ ನಡುವೆ ನಿವೃತ್ತರಾಗುವಾಗ ನೀಲಿ ಗಾಜಿನ ಕನ್ನಡಕವನ್ನು ನನ್ನ ಕೈಗಿಟ್ಟು, "ಬೆಂಕಿ ನೋಡೋಕೆ ಇದು. ಜನರನ್ನ ನೋಡೋವಾಗ ತೆಗೀಬೇಕು. ನಿಮಗೆ ಕೋಪ ಜಾಸ್ತಿ, ಅದಕ್ಕೆ ಹೇಳ್ದೆ" ಎಂದರು. ಹೆಣ್ಣುಮಗಳೊಬ್ಬಳು ಮೆಲ್ಟಿಂಗ್ ಶೆಡ್ಡಿನ ಮುಖ್ಯಸ್ಥಳಾಗುವುದು ಆಗ ಸುಲಭವಿರಲಿಲ್ಲ. ತಮ್ಮ ಜಾಗಕ್ಕೆ ನನ್ನನ್ನು ತರಲು ಅವರು ಯಜಮಾನರ ಹತ್ತಿರ ಎಷ್ಟು ಸಲ ಹೋಗಿ ಕೂತಿದ್ದರೋ ನನಗೆ ತಿಳಿಯದು. ನಾನು ಅವರಿಗೆ ಸರಿಯಾಗಿ ಥ್ಯಾಂಕ್ಸ್ ಹೇಳುವ ಮುಂಚೆಯೇ ಅವರು ಪುರಿ ತಿನ್ನುತ್ತಾ ಹೊರಟುಹೋಗಿದ್ದರು.

ದಶಕ ಮುಗಿಯುವ ಮುಂಚೆ ಒಂದು ಬೆಳಿಗ್ಗೆ ಆರ್.ಟಿ. ನಗರದಿಂದ ಫೋನು ಬಂತು. ಬೆಳಗಿನ ನಮಾಜು ಮುಗಿಸಿ ಹಾಗೇ ಒರಗಿಕೊಂಡವರು ಏಳಲಿಲ್ಲವಂತೆ. ಮಧ್ಯಾಹ್ನವೇ ಮಣ್ಣು ಮಾಡುತ್ತಾರೆಂದರು. ಫರ್ನೇಸಿನಲ್ಲಿ ಆಗಷ್ಟೇ ಲೋಹ ಕರಗುತ್ತಿತ್ತು. ಹುಡುಗರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಸುತ್ತ ಸೇರಿದರು.

ಯಜಮಾನರು ಶೆಡ್ಡಿಗೆ ಬಂದರು. ಅವರಿಗೂ ವಯಸ್ಸಾಗಿತ್ತು. "ಎಲ್ಲಾ ಆರಿಸ್ಬಿಡಿ ಶಾರದಮ್ಮ" ಎಂದರು. "ಇವತ್ತು ರಜೆ. ಫ್ಯಾಕ್ಟರಿ ಪೂರ್ತಿ ನಿಲ್ಲಿಸೋಣ. ಅಷ್ಟು ಗೌರವ ಕೊಡದೇ ಇದ್ರೆ ಹೆಂಗೆ?"

ಮಿಕ್ಕ ಯಂತ್ರಗಳು ಒಂದೊಂದಾಗಿ ನಿಂತವು. ಫರ್ನೇಸಿನ ಮೈನ್ ಸ್ವಿಚ್ಚಿನ ಹತ್ತಿರ ಹೋದ ನನ್ನ ಕೈ ಮೇಲೇಳಲಿಲ್ಲ. "ಇದು ಬೇಡ ಸರ್" ಎಂದೆ. ಅವರು ಏಕೆಂದು ನೋಡಿದರು. ಲೋಹ ಅರ್ಧಕ್ಕೆ ಹೆಪ್ಪುಗಟ್ಟಿದರೆ ಫರ್ನೇಸು ಹಾಳಾಗುತ್ತದೆ ಎಂದು ಕಾರಣ ಕೊಡಬಹುದಿತ್ತು, ಅದು ನಿಜವೂ ಹೌದು. ನನಗೆ ಬಾಯಿಗೆ ಬಂದಿದ್ದು ಬೇರೆ. "ಇದನ್ನ ಆರಿಸ್ಬಾರದು ಅಂತಾನೇ ಅವರು ಅಷ್ಟೆಲ್ಲ ಮಾಡಿದ್ದು" ಎಂದೆ. ಯಜಮಾನರು ತಲೆ ತಗ್ಗಿಸಿ, ಆಗಲಿ ಎಂದರು. ಇಬ್ಬರು ಹುಡುಗರು ತಾವಾಗಿಯೇ ನಿಂತರು. ಉಳಿದವರೆಲ್ಲ ಕಂಪನಿಯ ಲಾರಿ ಹತ್ತಿದೆವು.

ಗಂಡಸರು ಖಬರಸ್ತಾನಕ್ಕೆ ಹೋದರು. ನಾನೂ ಗಂಗಮ್ಮನೂ ಆರ್.ಟಿ. ನಗರದ ಮನೆಯೊಳಗೆ ಹೆಂಗಸರ ಜೊತೆ ಕೂತೆವು. ಸಾಹೇಬರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು; ಬೆಳಗಿನಿಂದ ಒಂದು ತೊಟ್ಟು ಕಣ್ಣೀರು ಹಾಕಿಲ್ಲ ಎಂದು ಪಕ್ಕದವರು ಪಿಸುಗುಟ್ಟಿದರು. ನನ್ನ ಗುರುತು ಹಿಡಿದು ಹತ್ತಿರ ಕರೆದರು.

"ಕಾರ್ಖಾನೆಯಿಂದ ಎಲ್ಲಾರೂ ಬಂದ್ಬಿಟ್ರಾ?"

"ಬಂದ್ವಿ ಆಪಾ. ಇಬ್ಬರು ಅಲ್ಲೇ ಇದ್ದಾರೆ."

"ಭಟ್ಟಿ? ಭಟ್ಟಿ ಬಂದ್ ಮಾಡಿದ್ರಾ?"

ತಪ್ಪು ಮಾಡಿದೆನೇನೋ ಅನ್ನಿಸಿತು. ಇಂಥ ದಿನ ನಿಲ್ಲಿಸಲಿಲ್ಲವೆಂದರೆ ಅವರಿಗೆ ನೋವಾದರೆ? ಗಂಗಮ್ಮ ನನ್ನ ಮುಖ ನೋಡಿದಳು.

"ಇಲ್ಲ ಆಪಾ" ಎಂದೆ. "ಉರೀತಾ ಇದೆ."

ಅವರು ನನ್ನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಒಳ್ಳೇದು ಮಾಡಿದ್ರಿ ಅಮ್ಮಾ" ಎಂದರು. "ಅವರ ಹೆಸರು ಹೇಳ್ಕೊಂಡು ಎಲ್ಲಿ ಬಂದ್ ಮಾಡ್ಬಿಡ್ತೀರೋ ಅಂತ ಬೆಳಿಗ್ಗೆಯಿಂದ ನನಗೆ ಅದೇ ಭಯ." ಅಷ್ಟು ಹೇಳಿ, ನನ್ನ ಹೆಗಲ ಮೇಲೆ ಮುಖವಿಟ್ಟು ಅಳತೊಡಗಿದರು.